ವಿಲ್ಟ್‌ಗೆ ಎಷ್ಟು, ವಿಶಿಗೆ ಎಷ್ಟು? ಕಾಲ ದಾಟಿದ ಆಟಗಾರರಿಗೆ ಗಣಕಯಂತ್ರ ಅಂಕ ಕೊಡುವ ಬಗೆ

ಹುಬ್ಬಳ್ಳಿ: ಗುಂಡಪ್ಪ ವಿಶ್ವನಾಥ್ ದೊಡ್ಡವರೋ, ರಾಹುಲ್ ದ್ರಾವಿಡ್ ದೊಡ್ಡವರೋ? ನೆಹರೂ ಮೈದಾನದ ಕಟ್ಟೆಯ ಮೇಲಾಗಲಿ, ರಾಜನಗರದ ಕೆಎಸ್‌ಸಿಎ ಕ್ರೀಡಾಂಗಣದಲ್ಲಾಗಲಿ ಎರಡು ತಲೆಮಾರಿನ ಕ್ರಿಕೆಟ್ ಪ್ರಿಯರು ಜತೆಗೆ ಕುಳಿತರೆ ಈ ಪ್ರಶ್ನೆ ಏಳದೆ ಇರದು. ತಂದೆ ವಿಶಿಯ ಸ್ಕ್ವೇರ್ ಕಟ್ ನೆನೆದರೆ, ಮಗ ದ್ರಾವಿಡ್ ಅವರ 13,288 ರನ್‌ಗಳನ್ನು ಮುಂದಿಡುತ್ತಾನೆ. ವಾದ ಮುಗಿಯುವುದಿಲ್ಲ; ಮುಗಿಯಬೇಕೆಂದು ಯಾರೂ ಬಯಸುವುದೂ ಇಲ್ಲ.

ಆದರೆ ವಿಡಿಯೋ ಗೇಮ್ ತಯಾರಿಸುವವರಿಗೆ ಈ ಸ್ವಾತಂತ್ರ್ಯವಿಲ್ಲ. ಪರದೆಯ ಮೇಲೆ ಹಳಬರನ್ನೂ ಹೊಸಬರನ್ನೂ ಎದುರುಬದುರು ನಿಲ್ಲಿಸಬೇಕಾದರೆ ಪ್ರತಿಯೊಬ್ಬನಿಗೂ ಒಂದು ಅಂಕ ಕೊಡಲೇಬೇಕು. ಅಂಕವಿಲ್ಲದಿದ್ದರೆ ಆಟವೇ ನಡೆಯದು. ಹಾಗಾದರೆ ಬೇರೆ ಬೇರೆ ಕಾಲದ ಆಟಗಾರರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

ಟ್ರಂಪ್ ಕಾರ್ಡ್‌ನಿಂದ ಪರದೆಗೆ

ಈ ಲೆಕ್ಕಾಚಾರ ಅವಳಿ ನಗರದವರಿಗೆ ಹೊಸದೇನಲ್ಲ. ಶಾಲೆಯ ಬಿಡುವಿನಲ್ಲಿ ಟ್ರಂಪ್ ಕಾರ್ಡ್ ಆಡಿದವರಿಗೆಲ್ಲ ಇದು ಗೊತ್ತು. ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಎಲೆ. ಅದರ ಮೇಲೆ ಪಂದ್ಯ, ರನ್, ಸರಾಸರಿ, ವಿಕೆಟ್. ಯಾರ ಸಂಖ್ಯೆ ದೊಡ್ಡದೋ ಅವರಿಗೆ ಎಲೆ. ಹೆಚ್ಚು ಪಂದ್ಯ ಆಡಿದವನೇ ಅಲ್ಲಿ ಗೆಲ್ಲುತ್ತಿದ್ದ. ವಿಶ್ವನಾಥ್ ಆಡಿದ್ದು 91 ಟೆಸ್ಟ್, ಗಳಿಸಿದ್ದು 6,080 ರನ್, ಸರಾಸರಿ 41.93. ದ್ರಾವಿಡ್ ಆಡಿದ್ದು 164 ಟೆಸ್ಟ್, ಸರಾಸರಿ 52.31. ಎಲೆಯ ಆಟದಲ್ಲಿ ವಿಶಿಗೆ ಸೋಲು ಖಚಿತ!

ವಿಡಿಯೋ ಗೇಮ್‌ಗಳ ಪೈಕಿ ಈ ಸಮಸ್ಯೆಯನ್ನು ಹೆಚ್ಚು ಗಂಭೀರವಾಗಿ ಕೈಗೆತ್ತಿಕೊಂಡದ್ದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಳು. 1999ರಲ್ಲಿ ಬಂದ 'ಎನ್‌ಬಿಎ ಲೈವ್ 2000' 1950ರ ದಶಕದಿಂದ 1990ರ ದಶಕದವರೆಗಿನ ತಾರೆಯರ ತಂಡಗಳನ್ನು ಒಂದೆಡೆ ತಂದಿತು. 2010ರ 'ಎನ್‌ಬಿಎ 2ಕೆ11' ಮೈಕಲ್ ಜೋರ್ಡನ್ ಅವರ ಪ್ರಸಿದ್ಧ ಪಂದ್ಯಗಳನ್ನು ಮತ್ತೆ ಆಡುವ ಅವಕಾಶ ಕೊಟ್ಟಿತು. ಮರುವರ್ಷದ ಆವೃತ್ತಿಯಲ್ಲಿ ಹದಿನೈದು ಮಂದಿ ದಿಗ್ಗಜರಿದ್ದರು. 1960ರ ದಶಕದ ಪಂದ್ಯ ಆಡಿದರೆ ಅಂದಿನ ದೂರದರ್ಶನದಂತೆ ಚಿತ್ರವೇ ಕಪ್ಪು ಬಿಳುಪಾಗುತ್ತಿತ್ತು.

ಈ ಆಟಗಳಲ್ಲಿ ಒಬ್ಬ ಆಟಗಾರನಿಗೆ ಒಂದಲ್ಲ, ಹತ್ತಾರು ಅಂಕಗಳು. ಹತ್ತಿರದ ಎಸೆತ, ದೂರದ ಎಸೆತ, ಪಾಸ್, ರೀಬೌಂಡ್, ತಡೆ, ವೇಗ, ಕಸುವು ಎಂದು ಬೇರೆ ಬೇರೆ ಗುಣಗಳಿಗೆ ಬೇರೆ ಬೇರೆ ಅಂಕ. ಆಟಗಾರ ನಿಲ್ಲುವ ಸ್ಥಾನಕ್ಕೆ ತಕ್ಕಂತೆ ಕೆಲವಕ್ಕೆ ಹೆಚ್ಚು, ಕೆಲವಕ್ಕೆ ಕಡಿಮೆ ಮಹತ್ವ ಕೊಟ್ಟು ಒಟ್ಟು ಅಂಕ ತೆಗೆಯುತ್ತಾರೆ. 99 ಎಂದರೆ ಪರಮಾವಧಿ. ಇಂದಿನ ಆಟಗಾರರ ಅಂಕ ಋತುವಿನ ನಡುವೆ ಏರಿಳಿಯುತ್ತದೆ. ಹಳಬರ ಅಂಕ ಯಾವುದೋ ಒಂದು ಋತುವಿಗೆ ಅಥವಾ ಅವರ ಉಚ್ಛ್ರಾಯ ಕಾಲಕ್ಕೆ ಕಟ್ಟಿಹಾಕಿದ್ದು.

ವಿಲ್ಟ್ ಎಂಬ ಒಗಟು

ತೊಡಕು ಆರಂಭವಾಗುವುದೇ ಇಲ್ಲಿ. ವಿಲ್ಟ್ ಚೇಂಬರ್ಲಿನ್ 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದರು. ಆ ಋತುವಿನಲ್ಲಿ ಅವರ ಸರಾಸರಿ ಪಂದ್ಯಕ್ಕೆ 50.4 ಅಂಕ, 25.7 ರೀಬೌಂಡ್. ಈ ಸಂಖ್ಯೆಗಳನ್ನು ಹಾಗೆಯೇ ಗಣಕಯಂತ್ರಕ್ಕೆ ಉಣಿಸಿದರೆ ಇಂದಿನ ಯಾವ ಆಟಗಾರನೂ ಅವರ ಮುಂದೆ ನಿಲ್ಲಲಾರ.

ಆದರೆ ಅಂದಿನ ಆಟದ ನಡೆಯೇ ಬೇರೆ. ತಂಡಗಳು ಬಿರುಸಾಗಿ ಓಡುತ್ತಿದ್ದವು, ಮೇಲಿಂದ ಮೇಲೆ ಚೆಂಡು ಎಸೆಯುತ್ತಿದ್ದವು. ಗುರಿ ತಪ್ಪುವುದೂ ಹೆಚ್ಚು. ತಪ್ಪಿದಷ್ಟೂ ರೀಬೌಂಡ್! ಅಂದು ಒಂದು ತಂಡಕ್ಕೆ ಪಂದ್ಯಕ್ಕೆ ಸುಮಾರು 70 ರೀಬೌಂಡ್ ದೊರೆಯುತ್ತಿದ್ದರೆ, ಇಂದು 45ರ ಆಸುಪಾಸು. ಅದೇ ಪಾಲನ್ನು ಇಂದಿನ ಲೆಕ್ಕಕ್ಕೆ ಇಳಿಸಿದರೆ ವಿಲ್ಟ್ ಅವರ 25.7 ಸುಮಾರು 16 ಆಗುತ್ತದೆ. ಆಗಲೂ ಅದು ಅಸಾಮಾನ್ಯ ಸಾಧನೆಯೇ. ಆದರೆ ನಂಬಬಹುದಾದ ಸಾಧನೆ. 'ಎಷ್ಟು ಗಳಿಸಿದ' ಎನ್ನುವುದಕ್ಕಿಂತ 'ತನ್ನ ಕಾಲದವರಿಗಿಂತ ಎಷ್ಟು ಮುಂದಿದ್ದ' ಎಂದು ಕೇಳುವುದೇ ಕಾಲ ದಾಟಿ ತೂಗುವ ಮೂಲ ಸೂತ್ರ.

ಇದೇ ಸೂತ್ರವನ್ನು ಹಿಡಿದು ಆಸ್ಟ್ರೇಲಿಯಾದ ಅಂಕಿಅಂಶ ತಜ್ಞ ಚಾರ್ಲ್ಸ್ ಡೇವಿಸ್ 2000ದಲ್ಲಿ ಬೇರೆ ಬೇರೆ ಕ್ರೀಡೆಗಳ ಶ್ರೇಷ್ಠರನ್ನೇ ಹೋಲಿಸಿದರು. ಸಮಕಾಲೀನರ ಸರಾಸರಿಯಿಂದ ಯಾರು ಎಷ್ಟು ದೂರ ಎಂಬ ಆ ಅಳತೆಯಲ್ಲಿ ಡಾನ್ ಬ್ರಾಡ್ಮನ್‌ಗೆ 4.4, ಫುಟ್‌ಬಾಲ್‌ನ ಪೆಲೆಗೆ 3.7, ಜೋರ್ಡನ್‌ಗೆ 3.4 ಬಂದಿತು.

ಬರೆದಿಡದ ಲೆಕ್ಕ

ಸಂಖ್ಯೆಯೇ ಇಲ್ಲದಿದ್ದರೆ ಏನು ಮಾಡುವುದು? ಎನ್‌ಬಿಎಯಲ್ಲಿ ಚೆಂಡು ಕಸಿದದ್ದನ್ನೂ ಎಸೆತ ತಡೆದದ್ದನ್ನೂ ಎಣಿಸತೊಡಗಿದ್ದು 1973-74ರ ಋತುವಿನಿಂದ. ಹದಿಮೂರು ಋತುಗಳಲ್ಲಿ 11 ಬಾರಿ ಪ್ರಶಸ್ತಿ ಗೆದ್ದ ಬಿಲ್ ರಸೆಲ್ ಅದಕ್ಕೂ ಮೊದಲೇ ನಿವೃತ್ತರಾಗಿದ್ದರು. ಎಸೆತ ತಡೆಯುವುದರಲ್ಲಿ ಅವರಿಗೆ ಸಾಟಿಯಿಲ್ಲ ಎನ್ನುವವರುಂಟು. ದಾಖಲೆ ಪುಸ್ತಕದಲ್ಲಿ ಮಾತ್ರ ಆ ಕಾಲಂ ಖಾಲಿ.

ಮೂರು ಅಂಕದ ಗೆರೆ ಬಂದದ್ದು 1979-80ರಲ್ಲಿ. ಪೀಟ್ ಮಾರವಿಚ್ ಅವರಿಗೆ ಅದೇ ಕೊನೆಯ ಋತು. ದೂರದಿಂದ ಗುರಿಯಿಡುವುದಕ್ಕೆ ಹೆಸರಾಗಿದ್ದ ಅವರು ಆ ಗೆರೆಯಾಚೆಯಿಂದ ಎಸೆದದ್ದು ಕೇವಲ 15 ಬಾರಿ; ಗುರಿ ಮುಟ್ಟಿದ್ದು ಹತ್ತು. ಇಂಥವರಿಗೆ ಅಂಕ ಕೊಡಲು ಹಳೆಯ ಚಿತ್ರಸುರುಳಿ, ಸಹ ಆಟಗಾರರ ಮಾತು, ಊಹೆ ಇವೇ ಆಧಾರ. ಪರದೆಯ ಮೇಲೆ ಸಂಖ್ಯೆ ಖಚಿತವಾಗಿ ಕಂಡರೂ ಅದರ ಬೆನ್ನಿಗಿರುವುದು ಯಾರದೋ ಅಭಿಪ್ರಾಯ.

ವಿಶಿಗೆ ದೊರೆತ ನ್ಯಾಯ

ಕ್ರಿಕೆಟ್‌ನಲ್ಲೂ ಇಂಥ ಪ್ರಯತ್ನ ನಡೆದಿದೆ. ಇಂಗ್ಲೆಂಡಿನ ಮಾಜಿ ನಾಯಕ ಟೆಡ್ ಡೆಕ್ಸ್‌ಟರ್ ಅವರ ಕಲ್ಪನೆಯಂತೆ 1987ರಲ್ಲಿ ಆರಂಭವಾದ ಗಣಕೀಕೃತ ಶ್ರೇಯಾಂಕವೇ ಮುಂದೆ ಐಸಿಸಿಯದಾಯಿತು. ಎದುರಾಳಿ ಬೌಲರ್‌ಗಳ ಬಲ, ಆ ಪಂದ್ಯದಲ್ಲಿ ರನ್ ಗಳಿಕೆ ಸುಲಭವಿತ್ತೇ ಇಲ್ಲವೇ, ತಂಡ ಗೆದ್ದಿತೇ ಎಂಬುದೆಲ್ಲ ಅದರ ಲೆಕ್ಕಕ್ಕೆ ಬರುತ್ತದೆ. ಹಳೆಯ ಸ್ಕೋರ್ ಪಟ್ಟಿಗಳಿಗೂ ಇದೇ ಸೂತ್ರ ಅನ್ವಯಿಸಿದಾಗ ಬ್ರಾಡ್ಮನ್‌ಗೆ 961, ಗಾವಸ್ಕರ್‌ಗೆ 916 ಅಂಕ ಬಂದವು. 2018ರಲ್ಲಿ ವಿರಾಟ್ ಕೊಹ್ಲಿ 937 ಮುಟ್ಟಿದರು.

2001ರಲ್ಲಿ ಪ್ರಕಟವಾದ 'ವಿಸ್ಡನ್ 100' ಪಟ್ಟಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಒಂದೊಂದು ಇನಿಂಗ್ಸ್ ಅನ್ನೇ ತೂಗಿತು. 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸ್‌ನ ಆಂಡಿ ರಾಬರ್ಟ್ಸ್ 64 ರನ್‌ಗೆ 7 ವಿಕೆಟ್ ಕಬಳಿಸಿದಾಗ ಭಾರತ ಗಳಿಸಿದ್ದು 190. ಅದರಲ್ಲಿ ವಿಶಿಯದೇ ಅಜೇಯ 97. ಹೆಲ್ಮೆಟ್ ಬಳಕೆಗೆ ಬರುವ ಮುನ್ನಿನ ಕಾಲ ಅದು. ಶತಕವೇ ಅಲ್ಲದ ಈ ಇನಿಂಗ್ಸ್‌ಗೆ ಆ ಪಟ್ಟಿಯಲ್ಲಿ 38ನೇ ಸ್ಥಾನ ದೊರೆಯಿತು. ಅನಿಲ್ ಕುಂಬ್ಳೆ ದೆಹಲಿಯಲ್ಲಿ 74 ರನ್‌ಗೆ ಹತ್ತೂ ವಿಕೆಟ್ ಪಡೆದ 1999ರ ಸಾಧನೆಗೆ ಬೌಲಿಂಗ್‌ನಲ್ಲಿ ಎರಡನೇ ಸ್ಥಾನ. ವಿಶಿಯ 14 ಶತಕಗಳ ಪೈಕಿ ಒಂದು ಪಂದ್ಯದಲ್ಲೂ ಭಾರತ ಸೋತಿಲ್ಲ ಎಂಬುದನ್ನು ಸರಾಸರಿ ಹೇಳುವುದಿಲ್ಲ. ಸಂದರ್ಭ ತೂಗುವ ಲೆಕ್ಕ ಹೇಳಬಲ್ಲದು.

ಹೆಸರು ಯಾರದು, ಹಣ ಯಾರಿಗೆ?

ಅಂಕ ಎಷ್ಟೆಂಬುದಕ್ಕಿಂತ ಪಟ್ಟಿಯಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆ ದೊಡ್ಡದು. ಚಾರ್ಲ್ಸ್ ಬಾರ್ಕ್ಲಿ ಅವರಂಥ ದಿಗ್ಗಜ 2ಕೆ ಆಟಗಳಲ್ಲಿ ಬಹುಕಾಲ ಕಾಣಿಸಲೇ ಇಲ್ಲ. ನಿವೃತ್ತ ಆಟಗಾರರ ಸಂಘಕ್ಕೆ ಕಂಪನಿ ಹಣ ಕೊಡಬೇಕೆಂಬುದು ಅವರ ಪಟ್ಟು. 1995ರಲ್ಲಿ ಕಾಲೇಜು ಪ್ರಶಸ್ತಿ ಗೆದ್ದ ತಂಡದ ಎಡ್ ಒಬ್ಯಾನನ್ ತಮ್ಮನ್ನೇ ಹೋಲುವ, ತಮ್ಮದೇ 31ನೇ ಸಂಖ್ಯೆಯ ಆಟಗಾರನನ್ನು ಗೇಮ್ ಒಂದರಲ್ಲಿ ಕಂಡರು. ಹೆಸರಿರಲಿಲ್ಲ, ಬಿಡಿಗಾಸೂ ಸಿಕ್ಕಿರಲಿಲ್ಲ. 2009ರಲ್ಲಿ ಅವರು ಹೂಡಿದ ಮೊಕದ್ದಮೆಗೆ ಬಿಲ್ ರಸೆಲ್, ಆಸ್ಕರ್ ರಾಬರ್ಟ್‌ಸನ್ ಕೂಡ ಕೈಜೋಡಿಸಿದರು. ಗೇಮ್ ಕಂಪನಿ ಮತ್ತು ಪರವಾನಗಿ ಸಂಸ್ಥೆ 4 ಕೋಟಿ ಡಾಲರ್ ಕೊಟ್ಟು ರಾಜಿಯಾದವು. 2014ರಲ್ಲಿ ನ್ಯಾಯಾಲಯದ ತೀರ್ಪೂ ಒಬ್ಯಾನನ್ ಅವರತ್ತ ಬಂದಿತು.

ಇನ್ನು ಈ ಭಾಗದ ಉದಾಹರಣೆ ಗದುಗಿನ ಸುನಿಲ್ ಜೋಶಿ. ಅಭ್ಯಾಸಕ್ಕೆಂದು ಬೆಳಗಿನ ಜಾವ ಗದಗದಿಂದ ಹುಬ್ಬಳ್ಳಿಗೆ ಬಂದು, ಮತ್ತೆ ಶಾಲೆಗೆ ಮರಳುತ್ತಿದ್ದ ಹುಡುಗ ಅವರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್! ಟ್ರಂಪ್ ಕಾರ್ಡ್ ಲೆಕ್ಕದಲ್ಲಿ ಅವರಿಗಿರುವುದು 15 ಟೆಸ್ಟ್, 41 ವಿಕೆಟ್. ಪ್ರಥಮ ದರ್ಜೆಯಲ್ಲಿ ಪಡೆದ 615 ವಿಕೆಟ್‌ಗಳಿಗೆ ಆ ಎಲೆಯಲ್ಲಿ ಜಾಗವಿಲ್ಲ. ಕುಂಬ್ಳೆಯವರ ಕಾಲದಲ್ಲಿ ಸ್ಪಿನ್ನರ್ ಆಗಿದ್ದುದಕ್ಕೆ ಯಾವ ಸೂತ್ರವೂ ಪರಿಹಾರ ಕೊಡದು.

ಆಟ ನೋಡದ ತಲೆಮಾರಿಗೆ ಹಳಬರು ಪರಿಚಯವಾಗುವುದು ಈಗ ಹೆಚ್ಚಾಗಿ ಪರದೆಯ ಅಂಕದ ಮೂಲಕವೇ. ಹಾಗಾಗಿ ಆ ಅಂಕ ಬರೀ ಆಟದ ಸಾಮಗ್ರಿಯಲ್ಲ, ಒಂದು ಬಗೆಯ ಇತಿಹಾಸ. ಅದನ್ನು ಒಪ್ಪುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳಿತು: ಯಾವ ಕಾಲದ ಜತೆ ಹೋಲಿಸಿದ್ದಾರೆ? ಯಾವುದನ್ನು ಎಣಿಸದೆ ಬಿಟ್ಟಿದ್ದಾರೆ? ಯಾರನ್ನು ಸೇರಿಸದೆ ಬಿಟ್ಟಿದ್ದಾರೆ? ಇವಕ್ಕೆ ಉತ್ತರ ಸಿಕ್ಕಿದ ಮೇಲೂ ನೆಹರೂ ಮೈದಾನದ ಕಟ್ಟೆಯ ವಾದ ಮುಂದುವರಿಯಲಿದೆ. ತಂದೆ ಕಂಡ ವಿಶಿಯನ್ನು ಮಗನಿಗೆ ತಲುಪಿಸುವ ದಾರಿ ಆ ವಾದವೇ ಅಲ್ಲವೆ?