ಪೋಸ್ಟ್ ಆಫೀಸ್ ಓಪನ್ ಇದೆ ಅಂತ ಯಾರೂ ಹೇಳಲಿಲ್ಲ!

ಸ್ಕೂಲಿನಲ್ಲಿದ್ದಾಗ ಪ್ಯಾಂಟಿನ ಜಿಪ್ ಹಾಕೋದು ಮರೆತರೆ ಎರಡೇ ನಿಮಿಷಕ್ಕೆ ಗೊತ್ತಾಗಿಬಿಡುತ್ತಿತ್ತು. ‘ಲೋ, ಪೋಸ್ಟ್ ಆಫೀಸ್ ಓಪನ್ ಆಗಿದೆ ಕಣೋ!’ ಅಂತ ಹಿಂದಿನ ಬೆಂಚಿನವನು ಕೂಗುತ್ತಿದ್ದ. ಇಡೀ ಕ್ಲಾಸು ನಗುತ್ತಿತ್ತು. ಮಾನ ಹೋಗುತ್ತಿತ್ತು ನಿಜ, ಆದರೆ ಜಿಪ್ ಮೇಲೇರುತ್ತಿತ್ತು.

ಈಗ ನನಗೆ ಮೂವತ್ತು. ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿ ಟೀಮ್ ಲೀಡ್. ಕಳೆದ ತಿಂಗಳು ನನ್ನ ಪೋಸ್ಟ್ ಆಫೀಸ್ ಮೂರೂವರೆ ಗಂಟೆ ತೆರೆದೇ ಇತ್ತು. ಒಬ್ಬರೂ ಹೇಳಲಿಲ್ಲ.

ಅವತ್ತು ಕ್ಲೈಂಟ್ ಆಫೀಸಿಗೇ ಬಂದಿದ್ದರು. ಅಪರೂಪಕ್ಕೆ ಫಾರ್ಮಲ್ಸ್ ಹಾಕಿ ಇನ್‌ಶರ್ಟ್ ಮಾಡಿದ್ದೆ. 11 ಗಂಟೆಗೆ ಡೆಮೊ. ಐದು ನಿಮಿಷ ಇದೆ ಅನ್ನುವಾಗ ಗಡಿಬಿಡಿಯಲ್ಲಿ ವಾಶ್‌ರೂಮಿಗೆ ಹೋಗಿ ಬಂದೆ. ಆಮೇಲೆ ಸ್ಕ್ರೀನ್ ಪಕ್ಕ ನಿಂತು 12 ಜನರ ಮುಂದೆ ಮುಕ್ಕಾಲು ಗಂಟೆ ಮಾತಾಡಿದೆ. ಎಲ್ಲರ ಕೈ ಕುಲುಕಿದೆ, ಗ್ರೂಪ್ ಫೋಟೊಗೆ ನಿಂತೆ, ಕೆಫೆಟೇರಿಯಾದಲ್ಲಿ ತಟ್ಟೆ ಹಿಡಿದು ಕ್ಯೂನಲ್ಲಿ ನಿಂತೆ. ಎರಡೂವರೆಗೆ ಮತ್ತೆ ವಾಶ್‌ರೂಮಿಗೆ ಹೋದಾಗಲೇ ಗೊತ್ತಾಗಿದ್ದು. ಭೂಮಿ ಬಾಯಿಬಿಡಬಾರದಾ ಅನ್ನಿಸಿತು.

ಸಂಜೆ ಟೀ ಅಂಗಡಿಯಲ್ಲಿ ಪಕ್ಕದ ಸೀಟಿನ ಗೆಳೆಯನನ್ನು ಹಿಡಿದುಕೊಂಡೆ.

‘ಮಗಾ, ನಿಜ ಹೇಳು. ನೀನು ನೋಡಿದ್ಯಾ?’

‘ನೋಡ್ದೆ ಮಗಾ. ಎಲ್ಲರ ಮುಂದೆ ಹೆಂಗೆ ಹೇಳೋದು? ಬೇರೆ ಯಾರಾದ್ರೂ ಹೇಳಿರ್ತಾರೆ ಅನ್ಕೊಂಡೆ.’

ಬೈಯೋಣ ಅಂತ ಬಾಯಿ ತೆರೆದವನು ಸುಮ್ಮನಾದೆ. ಯಾಕಂದ್ರೆ ಅದೇ ಮಾತನ್ನು ನಾನೂ ಒಮ್ಮೆ ನನಗೇ ಹೇಳಿಕೊಂಡಿದ್ದೆ.

ಆರು ತಿಂಗಳ ಹಿಂದಿನ ಮಾತು. ನಮ್ಮ ಟೀಮಿಗೆ ಹೊಸದಾಗಿ ಸೇರಿದ್ದ ಹುಡುಗಿಯ ಕುರ್ತಾದ ಹಿಂಭಾಗದಲ್ಲಿ ಕಲೆಯಾಗಿತ್ತು. ಮುಟ್ಟಿನ ಕಲೆ ಅಂತ ನೋಡಿದ ಕೂಡಲೇ ಗೊತ್ತಾಯಿತು. ನಾನು ಗಂಡಸು, ಹೇಗೆ ಹೇಳಲಿ ಅಂತ ಮುಖ ತಿರುಗಿಸಿದೆ. ಹುಡುಗಿಯರು ಯಾರಾದರೂ ಹೇಳುತ್ತಾರೆ ಬಿಡು ಅಂದುಕೊಂಡೆ. ಸಂಜೆ ಕ್ಯಾಬ್ ಹತ್ತುವಾಗಲೂ ಅವಳ ಕುರ್ತಾ ಹಾಗೇ ಇತ್ತು. ಆಮೇಲೆ ಎರಡು ದಿನ ಅವಳು ಆಫೀಸಿಗೆ ಬರಲಿಲ್ಲ. ನನ್ನ ಎದುರಿನ ಸೀಟಿನಲ್ಲೇ ಒಬ್ಬರು ಸೀನಿಯರ್ ಮೇಡಂ ಕೂರುತ್ತಾರೆ. ‘ಮೇಡಂ, ಸ್ವಲ್ಪ ಅವಳನ್ನ ನೋಡಿ’ ಅಂತ ಅವರಿಗೊಂದು ಮೆಸೇಜ್ ಹಾಕಿದ್ದರೆ ಸಾಕಿತ್ತು. ಅದೇ ಹುಡುಗಿಯ ಕೋಡಿನಲ್ಲಿ ಒಂದು ಸ್ಪೇಸ್ ಹೆಚ್ಚಾದರೂ ರಿವ್ಯೂನಲ್ಲಿ ಕಾಮೆಂಟ್ ಹಾಕುವವನು ನಾನು!

ನಾವು ಮಾತ್ರ ಹೀಗಲ್ಲ. 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಸರ್ವೆ ಮಾಡುವವರ ಮುಖಕ್ಕೆ ಬೇಕಂತಲೇ ಲಿಪ್‌ಸ್ಟಿಕ್, ಚಾಕೊಲೇಟ್ ಕಲೆ ಹಚ್ಚಿ ಜನರ ಮಧ್ಯೆ ಬಿಟ್ಟಿದ್ದರು. ‘ನಿಮ್ಮ ಮುಖದ ಮೇಲೆ ಏನೋ ಇದೆ’ ಅಂತ ಹೇಳಿದವರು ಶೇ. 3ಕ್ಕಿಂತ ಕಡಿಮೆ. ಎದುರಿನವರಿಗೆ ಆ ಮಾತು ಎಷ್ಟು ಬೇಕಾಗಿರುತ್ತೆ ಅನ್ನೋದನ್ನ ನಾವು ಕಡಿಮೆ ಅಂದಾಜು ಮಾಡುತ್ತೇವಂತೆ. ಹೇಳಿದರೆ ಅವರಿಗೆ ಮುಜುಗರ ಅಂತ ಸುಮ್ಮನಿರುತ್ತೇವೆ. ಮುಜುಗರ ಇರೋದು ನಮಗೆ.

ಈಗ ನಾನೊಂದು ರೂಲ್ ಇಟ್ಟುಕೊಂಡಿದ್ದೇನೆ. ಅಲ್ಲೇ ಸರಿಮಾಡಿಕೊಳ್ಳಲು ಆಗುವಂಥದ್ದಾದರೆ ಹೇಳಿಬಿಡಬೇಕು: ಜಿಪ್, ಉಲ್ಟಾ ಹಾಕಿದ ಟೀಶರ್ಟ್, ಹಲ್ಲಿನ ಸಂದಿಯ ಸೊಪ್ಪು. ತೂಕ, ಮೊಡವೆ, ಉದುರುವ ಕೂದಲು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ. ಹೇಳುವಾಗ ಒಂದೇ ಸಾಲು, ಪಕ್ಕಕ್ಕೆ ಕರೆದು, ನಗದೆ. ನೇರವಾಗಿ ಹೇಳಲು ಆಗದಿದ್ದರೆ ಹೇಳಬಲ್ಲವರಿಗೆ ಒಂದು ಮೆಸೇಜ್.

ಮೊನ್ನೆ ಮೀಟಿಂಗಿಗೆ ಹೊರಟಿದ್ದ ಮ್ಯಾನೇಜರ್ ಹಲ್ಲಲ್ಲಿ ಕರಿಬೇವು ಕಂಡಿತು. ಎದೆ ಢವಢವ ಅಂದರೂ ‘ಸರ್, ಹಲ್ಲಲ್ಲಿ ಕರಿಬೇವು’ ಅಂದೆ. ಅವರು ಫೋನ್ ಕ್ಯಾಮೆರಾದಲ್ಲಿ ನೋಡಿಕೊಂಡು, ತೆಗೆದು, ‘ಬದುಕಿಸಿದೆ ಕಣಯ್ಯ’ ಅಂದರು.

ಬಾಗಿಲ ತನಕ ಹೋಗಿ ತಿರುಗಿ ನಿಂತರು. ‘ಅಂದಹಾಗೆ, ಅವತ್ತು ಡೆಮೊ ದಿನ...’

‘ಗೊತ್ತು ಸರ್’ ಅಂದೆ.