ಟ್ಯುಬರ್ಕ್ಯುಲೋಸಿಸ್: ಬಿಡಿಸಿ ಹೇಳೋಣ



ಆಸ್ಪತ್ರೆಯ ಚೀಟಿಯಲ್ಲಿ ಈ ಹೆಸರು ಕಂಡೊಡನೆ ನಾಲಿಗೆ ತೊಡರುತ್ತದೆ, ಎದೆಯೂ ನಡುಗುತ್ತದೆ. ಇದನ್ನು ಐದು ತುಂಡು ಮಾಡಿಕೊಳ್ಳಿ: ಟ್ಯು-ಬರ್-ಕ್ಯು-ಲೋ-ಸಿಸ್. ಬರೆಯುವಾಗ ಅರ್ಕಾವತ್ತು 'ಕ್ಯು'ವಿಗೆ ಅಂಟಿಕೊಂಡರೂ, ಉಚ್ಚರಿಸುವಾಗ ಆ ರಕಾರ ಹಿಂದಿನ ಬಕಾರಕ್ಕೇ ಸೇರುತ್ತದೆ. ಛಂದಸ್ಸಿನಲ್ಲಿ ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವುದು ಹೀಗೆಯೇ ಅಲ್ಲವೇ? ಧ್ವನಿಯ ಭಾರ 'ಲೋ' ಮೇಲೆ ಬೀಳಬೇಕು. 1961ರವರೆಗೆ ಗೋವೆಯನ್ನಾಳಿದ ಪೋರ್ತುಗೀಸರ 'ತುಬೆರ್ಕುಲೋಝ್' ಎಂಬಲ್ಲಿಯೂ ಭಾರ ಅಲ್ಲಿಯೇ.

ಲ್ಯಾಟಿನ್ ಭಾಷೆಯಲ್ಲಿ 'ತೂಬೆರ್' ಎಂದರೆ ಗಡ್ಡೆ, 'ತೂಬೆರ್ಕುಲುಂ' ಎಂದರೆ ಸಣ್ಣ ಗಂಟು. ರೋಗಿಯ ಶ್ವಾಸಕೋಶದಲ್ಲಿ ಕಂಡ ಗಂಟುಗಳಿಂದ ಈ ಹೆಸರು ಬಂತು. ಕೊನೆಯ 'ಓಸಿಸ್' ಗ್ರೀಕಿನದು, ರೋಗಸ್ಥಿತಿ ಎಂದರ್ಥ. ನಾವು ಕನ್ನಡದಲ್ಲೂ ಕೊಂಕಣಿಯಲ್ಲೂ ಕ್ಷಯವೆನ್ನುತ್ತೇವೆ; ದೇಹ ಸವೆಯುವುದನ್ನು ಕಂಡು ಇಟ್ಟ ಹೆಸರದು.

ಇದು ಶಾಪವಲ್ಲ, ರೋಗಾಣುವಿನ ಕೆಲಸವೆಂದು ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ತೋರಿಸಿಕೊಟ್ಟರು. ಎರಡು ವಾರ ಮೀರಿ ಕೆಮ್ಮಿದ್ದರೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ಗುಳಿಗೆ ಉಚಿತ. ನಡುವೆ ಪೋಳೆಂ ಗಡಿ ದಾಟಿ ಕಾರವಾರದ ಕಡೆ ಹೋದರೂ ಗುಳಿಗೆ ಬಿಡಬೇಡಿ. ಅಲ್ಲಿಯ ವೈದ್ಯರಿಗೆ ಚೀಟಿ ತೋರಿಸಿ, ರೋಗದ ಹೆಸರನ್ನು ಸ್ಪಷ್ಟವಾಗಿ ಹೇಳಿ. ಪಿಸುಗುಟ್ಟಿದರೆ ರೋಗ ಅಡಗಿ ಬೆಳೆಯುತ್ತದೆ. ಬಾಯಿಬಿಟ್ಟು ಹೇಳಿದರೆ ಮದ್ದು ಸಿಗುತ್ತದೆ.