ಅಳಿವೆಯ ದಂಡೆಯಲ್ಲಿ ನಾಗರಿಕ ವಿಜ್ಞಾನ

ಮಧ್ಯ ರೈಲ್ವೆಯ ಮುಂಬಯಿ ಉಪನಗರ ಮಾರ್ಗದಲ್ಲಿ ಡೊಂಬಿವಲಿ ಮತ್ತು ಕಲ್ಯಾಣಗಳ ನಡುವೆ ಠಾಕುರ್ಲಿ ನಿಲ್ದಾಣವಿದೆ. ಅದರ ಉತ್ತರಕ್ಕೆ ಉಲ್ಹಾಸ ನದಿ ಹರಿಯುತ್ತದೆ. ಸಹ್ಯಾದ್ರಿಯಲ್ಲಿ ಹುಟ್ಟುವ ಈ ನದಿಯಲ್ಲಿ ಸಮುದ್ರದ ಉಬ್ಬರವು ಕಲ್ಯಾಣದ ಸುತ್ತಮುತ್ತಲವರೆಗೂ ಏರಿಬರುತ್ತದೆ. ಕಡಲಿನಿಂದ ಇಷ್ಟು ಒಳಗಿದ್ದರೂ ಕಲ್ಯಾಣವು ಪ್ರಾಚೀನ ಕಾಲದಲ್ಲಿ ಹೆಸರಾದ ಬಂದರಾಗಿತ್ತು. ಥಾಣೆಯ ಬಳಿ ನದಿಯ ಮುಖ್ಯ ಪ್ರವಾಹವು ಪಶ್ಚಿಮಕ್ಕೆ ತಿರುಗಿ ವಸಯಿ ಖಾಡಿಯ ಮೂಲಕ ಸಮುದ್ರ ಸೇರುತ್ತದೆ. ಕಿರಿದಾದ ಇನ್ನೊಂದು ಕವಲು ಥಾಣೆ ಖಾಡಿಯನ್ನು ಕೂಡುತ್ತದೆ.

ಅಳಿವೆಯ ಮಹತ್ವ

ನದಿಯ ಸಿಹಿನೀರು ಮತ್ತು ಸಮುದ್ರದ ಉಪ್ಪುನೀರು ಬೆರೆಯುವ ಪ್ರದೇಶವೇ ಅಳಿವೆ. ಇಲ್ಲಿ ಪ್ರವಾಹದ ವೇಗ ತಗ್ಗುವುದರಿಂದ ನದಿ ತಂದ ಮೆಕ್ಕಲು ತಳದಲ್ಲಿ ನೆಲೆಗೊಳ್ಳುತ್ತದೆ. ಆ ಕೆಸರಿನಲ್ಲಿ ಕಾಂಡ್ಲಾ ಗಿಡಗಳು ಬೇರೂರುತ್ತವೆ. ಅವುಗಳ ಬೇರುಗಳ ಆಸರೆಯಲ್ಲಿ ಮೀನು, ಸಿಗಡಿಗಳ ಮರಿಗಳು ಬೆಳೆಯುತ್ತವೆ. ಚಳಿಗಾಲದಿಂದ ಬೇಸಿಗೆಯವರೆಗೆ ಸಾವಿರಾರು ರಾಜಹಂಸಗಳು ಥಾಣೆ ಖಾಡಿಯ ಕೆಸರುಬಯಲಿನಲ್ಲಿ ಆಹಾರ ಅರಸುತ್ತವೆ. ಮಹಾರಾಷ್ಟ್ರ ಸರ್ಕಾರವು 2015ರಲ್ಲಿ ಇಲ್ಲಿ ರಾಜಹಂಸ ಅಭಯಾರಣ್ಯವನ್ನು ಘೋಷಿಸಿತು. 2022ರಲ್ಲಿ ಥಾಣೆ ಖಾಡಿಯ ಸುಮಾರು 6,500 ಹೆಕ್ಟೇರ್ ಪ್ರದೇಶವು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ನಾಗರಿಕ ವಿಜ್ಞಾನ ಎಂದರೇನು?

ಅಳಿವೆಯು ದಿನಕ್ಕೆ ಎರಡು ಬಾರಿ ತುಂಬಿ ಎರಡು ಬಾರಿ ಇಳಿಯುತ್ತದೆ. ಅದರ ಪ್ರತಿಯೊಂದು ತಿರುವನ್ನೂ ವರ್ಷವಿಡೀ ಗಮನಿಸುವುದು ಕೆಲವೇ ವಿಜ್ಞಾನಿಗಳಿಂದ ಸಾಧ್ಯವಾಗದು. ವಿದ್ಯಾರ್ಥಿಗಳು, ಗೃಹಿಣಿಯರು, ಮೀನುಗಾರರು, ನಿವೃತ್ತರು ನಿಗದಿತ ಕ್ರಮದಲ್ಲಿ ವೀಕ್ಷಣೆ ನಡೆಸಿ ದಾಖಲೆ ಒದಗಿಸುವುದನ್ನು ನಾಗರಿಕ ವಿಜ್ಞಾನವೆನ್ನಲಾಗುತ್ತದೆ. 1987ರಿಂದ ಪ್ರತಿ ಜನವರಿಯಲ್ಲಿ ಸ್ವಯಂಸೇವಕರ ನೆರವಿನಿಂದ ನಡೆಯುತ್ತಿರುವ ಏಷ್ಯಾದ ನೀರುಹಕ್ಕಿಗಳ ಗಣತಿ ಇದಕ್ಕೆ ಉತ್ತಮ ನಿದರ್ಶನ. ಈ ಕಾರ್ಯಕ್ಕೆ ಜನರನ್ನು ಸಜ್ಜುಗೊಳಿಸುವವರೇ ನಾಗರಿಕ ವಿಜ್ಞಾನ ಬೋಧಕರು.

ಬೋಧಕರ ಕಾರ್ಯ

ಬೋಧಕರು ಮೊದಲು ಕಲಿಸಬೇಕಾದುದು ಉಬ್ಬರವಿಳಿತದ ಲೆಕ್ಕ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸರಾಸರಿ 12 ಗಂಟೆ 25 ನಿಮಿಷ ಬೇಕು. ಅಂದರೆ ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಒಂದು ವಾರದಲ್ಲಿ ಈ ಅಂತರ ಆರು ಗಂಟೆಗಳ ಸಮೀಪಕ್ಕೆ ಬರುತ್ತದೆ. ಶಾಲಾ ತಂಡವೊಂದು ಪ್ರತಿ ಭಾನುವಾರ ಬೆಳಿಗ್ಗೆ 8 ಗಂಟೆಗೆ ನೀರಿನ ಉಪ್ಪಿನಂಶ ಅಳೆಯುತ್ತದೆ ಎಂದುಕೊಳ್ಳೋಣ. ಈ ವಾರ ಉಬ್ಬರ ತುಂಬಿದ್ದರೆ ಮುಂದಿನ ವಾರ ಅದೇ ವೇಳೆಗೆ ನೀರು ಇಳಿದಿರುತ್ತದೆ. ನದಿಯೇ ಬದಲಾಯಿತೆಂದು ಮಕ್ಕಳು ಭಾವಿಸಬಹುದು. ವಾಸ್ತವವಾಗಿ ಬದಲಾದದ್ದು ಉಬ್ಬರದ ಹಂತ. ಆದುದರಿಂದ ಗಡಿಯಾರದ ಸಮಯದೊಂದಿಗೆ ಉಬ್ಬರದ ಹಂತವನ್ನೂ ಬರೆದಿಡುವುದು ಅತ್ಯಗತ್ಯ.

ಎರಡನೆಯದು, ಕಾಣದಿರುವುದನ್ನೂ ದಾಖಲಿಸುವ ಶಿಸ್ತು. ಒಂದು ದಿನ ಯಾವ ಹಕ್ಕಿಯೂ ಕಾಣದಿದ್ದರೆ ಸೊನ್ನೆ ಎಂದೇ ಬರೆಯಬೇಕು. ಹಾಳೆ ಖಾಲಿ ಉಳಿದರೆ ಅಂದು ಹಕ್ಕಿ ಬರಲಿಲ್ಲವೋ, ನೋಡಲು ಜನರೇ ಹೋಗಲಿಲ್ಲವೋ ತಿಳಿಯದು. ದೊಡ್ಡ ಹಿಂಡಿನಲ್ಲಿ ಮೊದಲು ನೂರು ಹಕ್ಕಿಗಳ ಗುಂಪನ್ನು ಎಣಿಸಿ, ಅದೇ ಅಳತೆಯಿಂದ ಉಳಿದ ಭಾಗವನ್ನು ಅಂದಾಜು ಮಾಡುವುದು ಕ್ರಮ. ಉತ್ಸಾಹದಿಂದ ಹೆಚ್ಚಿಸಿ ಬರೆದ ಒಂದು ಸಂಖ್ಯೆ ಉಳಿದೆಲ್ಲ ಪ್ರಾಮಾಣಿಕ ಸಂಖ್ಯೆಗಳ ಮೇಲೂ ಸಂದೇಹ ತರುತ್ತದೆ. ಅಂತಹ ದಾಖಲೆಯನ್ನು ಸೌಜನ್ಯದಿಂದಲೇ ಬದಿಗಿಡುವ ಧೈರ್ಯ ಬೋಧಕರಲ್ಲಿರಬೇಕು.

ಮೂರನೆಯದು, ಸ್ಥಳೀಯರಿಂದ ಕಲಿಯುವ ವಿನಯ. ತಲೆಮಾರುಗಳಿಂದ ಖಾಡಿಯನ್ನೇ ನಂಬಿ ಬದುಕುತ್ತಿರುವ ಕೋಳಿ ಮೀನುಗಾರರಿಗೆ ಯಾವ ಮೀನು ಎಲ್ಲಿ ದೊರೆಯುತ್ತಿತ್ತು, ಎಂದಿನಿಂದ ವಿರಳವಾಯಿತು ಎಂಬುದು ನೆನಪಿದೆ. ಆ ನೆನಪು ಬರಹಕ್ಕಿಳಿದಾಗ ಹಿಂದಿನ ಸ್ಥಿತಿಯೊಂದಿಗೆ ಹೋಲಿಕೆ ಸಾಧ್ಯವಾಗುತ್ತದೆ. ಡೊಂಬಿವಲಿ ಪರಿಸರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಮಾಹಿತಿಯನ್ನು ಮನೆಮಾತಿನಲ್ಲಿ ತಿಳಿಸಿದರೆ ಹಿರಿಯರೂ ಮಕ್ಕಳೂ ಒಟ್ಟಿಗೆ ಭಾಗವಹಿಸಬಲ್ಲರು.

ಎಚ್ಚರಿಕೆಯ ಕ್ರಮಗಳು

ಕೆಸರುಬಯಲಿಗೆ ಇಳಿಯಬಾರದು, ಏರುವ ನೀರು ಹಿಂದಿರುಗುವ ದಾರಿಯನ್ನು ಮುಚ್ಚಬಹುದು. ನಗರದ ಕೊಳಚೆ ಮತ್ತು ಕಾರ್ಖಾನೆಗಳ ತ್ಯಾಜ್ಯ ಸೇರುವ ನೀರನ್ನು ಬರಿಗೈಯಲ್ಲಿ ಮುಟ್ಟಬಾರದು. ಉಬ್ಬರದ ವೇಳೆ ವಿಶ್ರಮಿಸುವ ಹಕ್ಕಿಗಳನ್ನು ಚಿತ್ರಕ್ಕಾಗಿ ಎಬ್ಬಿಸಬಾರದು. ಅಭಯಾರಣ್ಯವನ್ನು ಪ್ರವೇಶಿಸಲು ಅರಣ್ಯ ಇಲಾಖೆಯ ಅನುಮತಿ ಅಗತ್ಯ.

ದಾಖಲೆಯ ಪ್ರಯೋಜನ

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಉಲ್ಹಾಸ ಕಣಿವೆಯ ಊರುಗಳೂ ನೆರೆಗೆ ತುತ್ತಾದವು. ನೀರು ಹರಿಯುವ ದಾರಿ ಎಷ್ಟು ಕಿರಿದಾಗಿದೆ, ಕಾಂಡ್ಲಾ ಕಾಡು ಎಲ್ಲಿ ಕರಗಿದೆ ಎಂಬ ಪ್ರಶ್ನೆಗಳು ಇಲ್ಲಿ ಜನರ ಜೀವ, ಮನೆಮಠಗಳಿಗೆ ಸಂಬಂಧಿಸಿದವು. ಹಲವು ವರ್ಷಗಳ ಕ್ರಮಬದ್ಧ ದಾಖಲೆಯಿದ್ದರೆ ಮಾತ್ರ ಅವುಗಳಿಗೆ ಖಚಿತ ಉತ್ತರ ದೊರೆಯುತ್ತದೆ.

2002ರ ಜೀವವೈವಿಧ್ಯ ಅಧಿನಿಯಮದ ವ್ಯವಸ್ಥೆಯಡಿ ಸ್ಥಳೀಯ ಸಂಸ್ಥೆಗಳಲ್ಲಿ ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲಾತಿಗೂ ಇಂತಹ ವೀಕ್ಷಣೆಗಳು ನೆರವಾಗಬಲ್ಲವು. ಕರ್ನಾಟಕದ ಅಘನಾಶಿನಿ ಅಳಿವೆಯೂ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಠಾಕುರ್ಲಿಯ ದಂಡೆಯಲ್ಲಿ ಕಲಿತ ಕ್ರಮವು ಅಲ್ಲಿಯೂ ಅಷ್ಟೇ ಉಪಯುಕ್ತ. ಒಂದು ಪುಸ್ತಕ, ಒಂದು ಪೆನ್ಸಿಲು, ಉಬ್ಬರದ ವೇಳಾಪಟ್ಟಿ ಹಾಗೂ ಕಂಡದ್ದನ್ನು ಕಂಡಂತೆ ಬರೆಯುವ ಮನಸ್ಸು, ಇಷ್ಟಿದ್ದರೆ ಯಾವ ನಾಗರಿಕನೂ ಈ ಕಾರ್ಯವನ್ನು ಆರಂಭಿಸಬಹುದು.